ಕೇಳಿದವರಿಗೆ ಮಾತ್ರ

ಕಳೆದ ತಿಂಗಳು ಅಬು ಹಮೂರಿನ ನಫೀಸಕ್ಕನ ಮನೆಗೆ ನಾವು ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ಮೂವತ್ತು ವರ್ಷ ದೋಹಾದಲ್ಲಿ ಬಾಳಿದ ನಫೀಸಕ್ಕ ಮತ್ತು ಅವರ ಗಂಡ ಹಮೀದಣ್ಣ ಕಾಯಂ ಆಗಿ ಊರಿಗೆ, ಅಂದರೆ ಮಂಗಳೂರಿನ ಹತ್ತಿರದ ಉಳ್ಳಾಲಕ್ಕೆ, ಹೊರಟು ನಿಂತಿದ್ದರು. ಸಾಮಾನು ಕಟ್ಟಲು ಕೈ ಸಾಲದು ಎಂದು ಕರೆದಿದ್ದರು. "ಗ್ಯಾರೇಜಿನಲ್ಲಿ ಎಂತೆಂತ ಉಂಟು ಅಂತ ನೀನೇ ಒಮ್ಮೆ ನೋಡು ಮಾರಾಯ್ತಿ, ನಂಗೆ ಆಚೆ ಹೋಗ್ಲಿಕ್ಕೇ ಮನಸ್ಸಾಗುದಿಲ್ಲ" ಎಂದು ನಫೀಸಕ್ಕ ಬೀಗದ ಕೈ ಕೊಟ್ಟರು.

ಶಟರ್ ಎತ್ತಿದೆ. ಒಳಗೆ ಕೂಡಿಹಾಕಿದ್ದ ಬಿಸಿಗಾಳಿಯ ಜೊತೆ ಒಂದು ವಾಸನೆ ಮುಖಕ್ಕೆ ಬಡಿಯಿತು. ಈರುಳ್ಳಿ ಸಿಪ್ಪೆ, ಗೋಣಿಚೀಲ, ಸ್ಯಾನಿಟೈಜರ್, ಮೂರೂ ಸೇರಿದ ವಾಸನೆ. ಐದು ವರ್ಷದಲ್ಲಿ ಆ ಗ್ಯಾರೇಜಿಗೆ ಎಷ್ಟು ಸಲ ಬಣ್ಣ ಹೊಡೆಸಿದ್ದರೋ, ವಾಸನೆ ಮಾತ್ರ ಹೋಗಿರಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಖಾಲಿ ಚೀಲಗಳ ಕಟ್ಟಿನ ಮೇಲೆ ಹಾಗೇ ಕುಸಿದು ಕೂತೆ. ಕೆಲಸ ಮಾಡಲು ಬಂದವಳು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ.

ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿದ ಆ ವರ್ಷದ ಬೇಸಿಗೆಯನ್ನು ನಾನು ಹೆಚ್ಚು ಪಾಲು ಈ ಗ್ಯಾರೇಜಿನಲ್ಲಿ ಕಳೆದೆ. ದೊಡ್ಡದೊಂದು ಚಾರಿಟಿಯವರು ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿ ತಂದು ಇಳಿಸುತ್ತಿದ್ದರು. ಅದನ್ನು ಚೀಲಗಳಿಗೆ ತುಂಬಿ, ಕೆಲಸ ಹೋದ ಕನ್ನಡದವರು ಎಲ್ಲೆಲ್ಲಿದ್ದಾರೆಂದು ಹುಡುಕಿ ಮುಟ್ಟಿಸುವುದು ನಮ್ಮಂಥ ಸಣ್ಣ ಗುಂಪುಗಳ ಪಾಲಿನ ಕೆಲಸ. ಹಸಿದವನ ಜೊತೆ ಅವನ ಭಾಷೆಯಲ್ಲಿ ಮಾತಾಡುವವರು ಬೇಕಲ್ಲ! ನಮ್ಮ ಗುಂಪಿನಲ್ಲಿ ಎಲ್ಲ ತರದವರೂ ಇದ್ದರು. ನಫೀಸಕ್ಕ ಬ್ಯಾರಿ ಮನೆತನದವರು, ಹಮೀದಣ್ಣನದು ಹಾರ್ಡ್‌ವೇರ್ ಅಂಗಡಿ. ನಾನು ಗಿರಿಜಾ, ಗುಳೇದಗುಡ್ಡದವಳು. ಬಾಯಿ ಸ್ವಲ್ಪ ಜೋರು. ಅದಕ್ಕೇ ಲಿಸ್ಟ್ ಮಾಡುವ, ಫೋನ್ ಎತ್ತುವ, ಎಲ್ಲರನ್ನೂ ಗದರಿಸುವ ಕೆಲಸ ತಾನಾಗಿಯೇ ನನ್ನ ಕೊರಳಿಗೆ ಬಿತ್ತು. ನಿಜ ಹೇಳಬೇಕೆಂದರೆ ನನಗೆ ಅದು ಬಹಳ ಇಷ್ಟವಾಗಿತ್ತು. ಹತ್ತು ವರ್ಷ ಬಿನ್ ಒಮ್ರಾನ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಡುಗೆ ಮಾಡಿಕೊಂಡಿದ್ದವಳಿಗೆ "ಗಿರಿಜಾ ಮೇಡಂ" ಎಂದು ನೂರು ಜನ ಕರೆಯುವಾಗ ಹೇಗಾಗಬೇಡ?

ನಮ್ಮ ಮನೆಯವರ ಹೆಸರು ಮಲ್ಲಿಕಾರ್ಜುನ. ದುಖಾನ್ ಕಡೆ ಎಣ್ಣೆ ಕಂಪನಿಯೊಂದಕ್ಕೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರರ ಹತ್ತಿರ ಸೂಪರ್‌ವೈಸರ್ ಆಗಿದ್ದರು. ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ ಮಲ್ಲಣ್ಣ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಗಂಡನ ಹೆಸರು ಬಾಯಿಂದ ಆಡಬಾರದೆಂದು ನಮ್ಮವ್ವ ಹೇಳಿದ್ದಳೇ ಹೊರತು ಬರೆಯಬಾರದೆಂದು ಹೇಳಿರಲಿಲ್ಲ. ಮಲ್ಲಣ್ಣ ಮಾತು ಕಡಿಮೆಯ ಮನುಷ್ಯ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಗುಳಿಗೆ, ಒಂದು ಇಂಜೆಕ್ಷನ್. ನಮಗೆ ಒಬ್ಬಳೇ ಮಗಳು ಸಹನಾ, ಆಗ ಅವಳಿಗೆ ಹತ್ತು ವರ್ಷ.

ರಂಜಾನ್ ತಿಂಗಳಲ್ಲಿ ನಮ್ಮ ಗುಂಪಿನ ಮೀಟಿಂಗ್ ಕಂಪ್ಯೂಟರಿನ ಮೇಲೆ ನಡೆಯಿತು. ಅದಕ್ಕೆ ಎರಡು ದಿನ ಮೊದಲು ಬೇರೆ ಯಾವುದೋ ಗುಂಪಿನ ಬಗ್ಗೆ ಮಾತು ಎದ್ದಿತ್ತು. ಹಂಚುವವರೇ ಒಳ್ಳೆಯ ಅಕ್ಕಿಯನ್ನು ಮನೆಗೆ ಸಾಗಿಸಿದರಂತೆ, ಹಾಗಂತೆ, ಹೀಗಂತೆ. ಸತ್ಯವೋ ಸುಳ್ಳೋ ದೇವರಿಗೇ ಗೊತ್ತು. ನಾನು ಮೈಕ್ ಆನ್ ಮಾಡಿ ಎಲ್ಲರೆದುರು ಹೇಳಿದೆ: "ನಮ್ಮಲ್ಲಿ ಹಂಗ ಆಗಬಾರದ್ರೀ. ಹಂಚೋರು ಒಂದು ಕಾಳೂ ತಗೋಬಾರದು. ಇದನ್ನ ನಿಯಮ ಮಾಡೂಣು."

ಎಲ್ಲರೂ ಹೆಬ್ಬೆರಳು ಎತ್ತಿದರು. ನಫೀಸಕ್ಕ ಒಬ್ಬರೇ ಅನುಮಾನಿಸಿ, "ಅಲ್ಲ ಗಿರಿಜಾ, ನಾಳೆ ನಮ್ಮಲ್ಲೇ ಯಾರಿಗಾದ್ರೂ ಬೇಕಾದ್ರೆ?" ಎಂದರು.

"ನಮ್ಮೊಳಗ ಯಾರಿಗ್ರೀ ಬೇಕಾಗ್ತದ? ದೇವರು ಕೊಟ್ಟಾನ ಅಂತ ತಾನ ನಾವು ಹಂಚಾಕ ನಿಂತಿರೂದು!" ಎಂದೆ. ಎಷ್ಟು ಧಿಮಾಕು ನೋಡಿ. ಕ್ಯಾಮೆರಾಗೆ ಕಾಣದ ಹಾಗೆ ಪಕ್ಕದಲ್ಲೇ ಕೂತು ಮಲ್ಲಣ್ಣ ಚಹಾ ಕುಡಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

ಎರಡನೆಯ ನಿಯಮವೂ ನನ್ನದೇ. ನಮ್ಮ ಬೀದಿಯಲ್ಲೇ ಅಕೌಂಟೆಂಟ್ ಒಬ್ಬರಿದ್ದರು, ಹೆಸರು ಬೇಡ. ಅವರ ಸಂಬಳ ನಿಂತಿದೆ, ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಪಕ್ಕದ ಮನೆಯಾಕೆ ನಮಗೆ ತಿಳಿಸಿದಳು. ನಾನೂ ನಫೀಸಕ್ಕನೂ ಚೀಲ ಹೊತ್ತು ಐದನೆಯ ಮಹಡಿಗೆ ಹೋಗಿ ಬೆಲ್ ಮಾಡಿದೆವು. ಬಾಗಿಲು ತೆಗೆದವರು ಚೀಲವನ್ನು ನೋಡಿದರು, ಎದುರು ಮನೆಯ ಬಾಗಿಲು ಅರ್ಧ ತೆರೆದಿದ್ದನ್ನೂ ನೋಡಿದರು. "ನಾವು ಭಿಕ್ಷೆ ಬೇಡಿದ್ವಿ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿ, ಚೀಲವನ್ನು ಎಳೆದು ಲಿಫ್ಟಿನೊಳಗೆ ಇಟ್ಟು, ಕೆಳಗಿನ ಗುಂಡಿ ಒತ್ತಿ, ಬಾಗಿಲು ಹಾಕಿಕೊಂಡರು. ಚೀಲ ಒಂದೇ ಕೆಳಗೆ ಹೋಯಿತು. ನಾವು ಮೆಟ್ಟಿಲು ಇಳಿದು ಬಂದೆವು. ಕಾರಿನಲ್ಲಿ ಸ್ಟೀರಿಂಗ್ ಹಿಡಿದು ನಫೀಸಕ್ಕ ಅತ್ತೇಬಿಟ್ಟರು. "ಮನುಷ್ಯರ ಮರ್ಯಾದೆ ತೆಗೆದೆವಲ್ಲ ಗಿರಿಜಾ, ಇನ್ನು ಇಂಥದ್ದು ಮಾಡ್ಲಿಕ್ಕಿಲ್ಲ" ಎಂದರು.

ನಾನು ಅವತ್ತೇ ವಾಟ್ಸಾಪ್ ಗುಂಪಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಬೇಕಾದವರು ತಾವೇ ಫೋನ್ ಮಾಡಿ ಕೇಳಬೇಕು, ಇನ್ನೊಬ್ಬರು ಹೇಳಿದ್ದರ ಮೇಲೆ ಯಾರ ಮನೆಗೂ ಹೋಗಕೂಡದು. ಕೇಳುವವರಿಗೆಂದೇ ಹಳೆಯ ಫೋನೊಂದನ್ನು ಇಟ್ಟೆವು. ಅದು ಒಂದು ವಾರ ನನ್ನ ಹತ್ತಿರ, ಒಂದು ವಾರ ನಫೀಸಕ್ಕನ ಹತ್ತಿರ ಇರುತ್ತಿತ್ತು. ಹೆಸರು, ಏರಿಯಾ, ಮನೆಯಲ್ಲಿ ಎಷ್ಟು ಜನ, ಏನು ಬೇಕು, ಇಷ್ಟೇ ಕೇಳುವುದು. ಉಳಿದದ್ದು ಕೇಳುವಂತಿಲ್ಲ. ಚೀಲವನ್ನು ಬಾಗಿಲಲ್ಲಿಟ್ಟು ಬೆಲ್ ಮಾಡಿ ಮುಖ ನೋಡದೆ ಇಳಿದು ಬರುವುದು. ನಿಯಮ ಒಳ್ಳೆಯದೇ ಇತ್ತು, ಈಗಲೂ ಹಾಗೇ ಅನ್ನುತ್ತೇನೆ. ಎಷ್ಟೋ ಜನ ಆ ಫೋನಿಗೆ ಅಳುತ್ತ ಮಾತಾಡಿ, ಮರುದಿನ ಬಿಸಿ ಅನ್ನ ಉಂಡಿದ್ದಾರೆ.

ಆದರೆ ರಂಜಾನ್ ಹಬ್ಬ ಮುಗಿದು ಎರಡು ವಾರಕ್ಕೆ ಮಲ್ಲಣ್ಣನ ಕೆಲಸ ಹೋಯಿತು.

ಒಂದು ಬೆಳಗ್ಗೆ ಆರು ಗಂಟೆಗೆ ಬರಬೇಕಿದ್ದ ಕಂಪನಿ ಬಸ್ಸು ಬರಲಿಲ್ಲ. ಮಲ್ಲಣ್ಣ ಸೇಫ್ಟಿ ಬೂಟು ಹಾಕಿಕೊಂಡು ಕೆಳಗೆ ಒಂದು ಗಂಟೆ ನಿಂತು ಮೇಲೆ ಬಂದು, "ಖಲಾಸ್. ನಮ್ಮ ಸೈಟ್‌ನಾಗ ಎಲ್ಲಾರಿಗೂ ಮೆಸೇಜ್ ಬಂದೈತಿ" ಎಂದು ಸೋಫಾದ ಮೇಲೆ ಬೂಟು ಸಮೇತ ಕೂತುಬಿಟ್ಟರು. ಬಾಕಿ ಸಂಬಳ ಕೊಟ್ಟು ಊರಿಗೆ ಕಳಿಸುತ್ತೇವೆ ಎಂದು ಕಂಪನಿಯವರು ಹೇಳಿದರು. ಹೇಳುತ್ತಲೇ ಇದ್ದರು. ವಿಮಾನದಲ್ಲಿ ಜಾಗವಿಲ್ಲ, ಆಸ್ಪತ್ರೆಯ ಇನ್ಶೂರೆನ್ಸ್ ಕಾರ್ಡು ಬಂದ್ ಆಯಿತು. ಕಟ್ಟಡದ ವಾಚ್‌ಮನ್ ಒಳ್ಳೆಯವನು, ಬಾಡಿಗೆಯ ಮಾತು ಎತ್ತುವಾಗ ಅವನೇ ತಲೆ ತಗ್ಗಿಸುತ್ತಿದ್ದ.

"ಯಾರಿಗೂ ಹೇಳೂದು ಬ್ಯಾಡ. ಒಂದು ತಿಂಗಳದಾಗ ಬ್ಯಾರೇ ಕಡೆ ಸಿಗ್ತದ" ಎಂದೆ ನಾನು.

"ಆತು" ಎಂದರು ಮಲ್ಲಣ್ಣ.

ಮರುದಿನ ಬೆಳಗ್ಗೆ ನಾನು ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಮಾಸ್ಕು ಏರಿಸಿಕೊಂಡು, ಬೇರೆಯವರಿಗೆ ಅಕ್ಕಿ ಹಂಚಲು ಹೊರಟೆ. ಹೀಗೆ ನಾಲ್ಕು ತಿಂಗಳು ಹೋಗಿದ್ದೇನೆ. ನೀನೇನು ಹುಚ್ಚಿಯಾ ಎಂದು ನೀವು ಕೇಳಬಹುದು. ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಮನೆಯಲ್ಲಿ ಕೂತರೆ ಡಬ್ಬಿಗಳ ತಳ ಕಾಣುತ್ತಿತ್ತು, ಗ್ಯಾರೇಜಿನಲ್ಲಿ ಚೀಲಗಳ ರಾಶಿ ಕಾಣುತ್ತಿತ್ತು. ಆ ರಾಶಿಯ ನಡುವೆ ನಿಂತಾಗ ನಾನು ಇನ್ನೂ ಕೊಡುವವಳೇ ಎಂದು ಅನ್ನಿಸುತ್ತಿತ್ತು. ಸಂಜೆ ಬಂದು ರವೆ ಹುರಿಯುವಾಗ ಸಹನಾ, "ಮಮ್ಮಿ, ಡಿನ್ನರ್‌ಗೂ ಉಪ್ಪಿಟ್ಟಾ? ಬ್ರೇಕ್‌ಫಾಸ್ಟೂ ಅದೇ ಅಲ್ವಾ?" ಎಂದು ಕೇಳಿದರೆ ಅವಳ ಮೇಲೆ ಹರಿಹಾಯುತ್ತಿದ್ದೆ.

ಜುಲೈನಲ್ಲಿ ದುಖಾನ್‌ಗೆ ಹೋಗುವ ಕರೆ ಬಂತು. ಅಲ್ಲಿಯ ಹಳೆಯ ಕ್ಯಾಂಪೊಂದರಲ್ಲಿ ನಮ್ಮ ಕಡೆಯ ಹುಡುಗರು ಸಿಕ್ಕಿಹಾಕಿಕೊಂಡಿದ್ದಾರೆ, ಮೆಸ್ ಮುಚ್ಚಿದೆ, ಅವರೇ ಬೇಯಿಸಿಕೊಳ್ಳುತ್ತಿದ್ದಾರೆ ಎಂದರು. ಒಂದು ಕಾರಿನಲ್ಲಿ ಇಬ್ಬರೇ ಕೂರಬೇಕೆಂದು ಆಗ ಕಾನೂನು. ನಫೀಸಕ್ಕ ಗಾಡಿ ಓಡಿಸಿದರು, ನಾನು ಹಿಂದಿನ ಸೀಟಿನಲ್ಲಿ ಕೂತೆ. ದೋಹಾ ದಾಟಿದ ಮೇಲೆ ಎರಡೂ ಕಡೆ ಬರೀ ಬೂದು ಕಲ್ಲಿನ ಬಯಲು. ಗಾಳಿಯಲ್ಲಿ ಧೂಳು ಎದ್ದು ಸೂರ್ಯ ಬಿಳಿ ತಟ್ಟೆಯ ಹಾಗೆ ಕಾಣುತ್ತಿದ್ದ. ಆ ದಾರಿಯನ್ನು ಮಲ್ಲಣ್ಣ ಏಳು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದಿದ್ದರು. ನಾನು ಮೊದಲ ಸಲ ನೋಡುತ್ತಿದ್ದೆ.

ಕ್ಯಾಂಪಿನಲ್ಲಿ ಮೊದಲು ಒಂದು ನಗೆಪಾಟಲಾಯಿತು. ಆ ವಾರ ಚೀಲ ತುಂಬಿದವರೆಲ್ಲ ಕರಾವಳಿಯವರು. ಚಾರಿಟಿಯವರು ಯಾವ ಅಕ್ಕಿ ಬೇಕೆಂದು ಕೇಳಿದ್ದಕ್ಕೆ ಪ್ರೀತಿಯಿಂದ ಕುಚ್ಚಲಕ್ಕಿಯನ್ನೇ ತರಿಸಿದ್ದರು. ಮುಧೋಳ, ಬೀಳಗಿ, ಇಂಡಿ ಕಡೆಯ ಹುಡುಗರು ಆ ಕೆಂಪು ದಪ್ಪ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. "ಅಕ್ಕಾರ, ಇದು ತಾಸು ಗಟ್ಟಲೆ ಕುದಿಸಿದ್ರೂ ಬೇಯಂಗಿಲ್ರಿ. ಜ್ವಾಳದ ಹಿಟ್ಟು ಇದ್ರ ಕೊಡ್ರಲಾ, ಎರಡು ರೊಟ್ಟಿ ಬಡಕೊಂತೀವಿ" ಎಂದ ಒಬ್ಬ. ನಫೀಸಕ್ಕ ನಾಚಿಕೊಂಡು, "ಅಯ್ಯೋ, ನಮಗೆ ಅದೇ ಅನ್ನ, ನಿಮಗೂ ಅದೇ ಅಂತ ಗ್ರಹಿಸಿದೆ ಮಗಾ. ಮುಂದಿನ ವಾರ ಹಿಟ್ಟು ತರ್ತೇನೆ" ಎಂದರು. ಮಾತು ಉಳಿಸಿಕೊಂಡರು ಕೂಡ. ಎಲ್ಲೆಲ್ಲೋ ಹುಡುಕಿ ಜೋಳದ ಹಿಟ್ಟು ತಂದರು.

ಸಾಲಿನ ಕೊನೆಯಲ್ಲಿ ನಿಂತಿದ್ದ ಹಣಮಂತ ಎಂಬ ವೆಲ್ಡರ್ ನನ್ನನ್ನು ಗುರುತು ಹಿಡಿದ. ಹಿಂದೊಮ್ಮೆ ಬಸವ ಜಯಂತಿಗೆ ನಮ್ಮ ಮನೆಯಲ್ಲಿ ಹೋಳಿಗೆ ಉಂಡಿದ್ದನಂತೆ. "ಅಕ್ಕಾರ, ನೀವು ಮಲ್ಲಣ್ಣನ ಮನಿಯವರಲ್ರೀ? ಅಣ್ಣಾರಿಗೂ ನಮ್ಮ ಜೋಡೀನ ಮೆಸೇಜ್ ಬಂತಲ್ರೀ. ಹೆಂಗದಾರ? ಶುಗರ್ ಹೆಂಗೈತ್ರಿ ಅವರದು?" ಎಂದು ದೊಡ್ಡ ದನಿಯಲ್ಲಿ ಕೇಳಿದ. ನಫೀಸಕ್ಕ ನನ್ನಿಂದ ಎರಡು ಹೆಜ್ಜೆ ದೂರದಲ್ಲಿದ್ದರು.

"ಅವರಿಗೆ ಬ್ಯಾರೇ ಕಡೆ ಕೆಲಸ ಸಿಕ್ಕೈತೋ ತಮ್ಮಾ. ಆರಾಮದಾರ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಹಿಂದಿರುಗುವಾಗ ಅರ್ಧ ದಾರಿಗೆ ಬಂದ ಮೇಲೆ ನಫೀಸಕ್ಕ ಕನ್ನಡಿಯಲ್ಲಿ ನನ್ನ ಕಡೆ ನೋಡಿ, "ಮಲ್ಲಣ್ಣನಿಗೆ ಎಲ್ಲಿ ಕೆಲಸ ಆದದ್ದು?" ಎಂದರು.

"ರಾಸ್ ಲಫಾನ್ ಕಡೆ."

"ಒಳ್ಳೇದಾಯ್ತು" ಎಂದು ಎಸಿ ಸ್ವಲ್ಪ ಹೆಚ್ಚು ಮಾಡಿದರು.

ಅವತ್ತಿನಿಂದ ಅವರು ನನ್ನನ್ನು ಮನೆ ಹತ್ತಿರ ಇಳಿಸುವಾಗಲೆಲ್ಲ ಒಂದೇ ಪ್ರಶ್ನೆ. "ಮನೆಗೆ ಏನಾದ್ರೂ ಬೇಕಾ ಗಿರಿಜಾ? ದಾರಿಯಲ್ಲೇ ಅಂಗಡಿ ಉಂಟು." ನನ್ನದೂ ಒಂದೇ ಉತ್ತರ. "ಏನೂ ಬ್ಯಾಡ್ರೀ." ಒಂದು ದಿನ ಗ್ಯಾರೇಜಿನಲ್ಲಿ ತೊಗರಿಬೇಳೆಯ ಪೊಟ್ಟಣವೊಂದು ಹರಿದಿತ್ತು. "ಇದನ್ನು ಯಾರಿಗೂ ಕೊಡ್ಲಿಕ್ಕಾಗುದಿಲ್ಲ, ನೀನು ತಗೊಂಡು ಹೋಗು, ಸುಮ್ನೆ ಹಾಳಾಗ್ತದೆ" ಎಂದು ನನ್ನ ಕಡೆ ಚಾಚಿದರು. ನಾನು ಟೇಪು ತಂದು, ಬೇಳೆ ಒಂದೂ ಬೀಳದ ಹಾಗೆ ಆ ಪೊಟ್ಟಣವನ್ನು ಸುತ್ತಲೂ ಅಂಟಿಸಿ, ಚೀಲದೊಳಗೆ ಇಟ್ಟೆ. ಅವರು ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು. ಆ ಬೇಳೆಯಲ್ಲಿ ನಮ್ಮ ಮನೆಯ ಒಂದು ವಾರದ ಸಾರು ಆಗುತ್ತಿತ್ತು.

ಆಗಸ್ಟಿಗೆ ದೋಹಾದಲ್ಲಿ ಗಾಳಿಯೇ ಒದ್ದೆಯಾಗುತ್ತದೆ. ಬಾಗಿಲಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ. ಆ ಸೆಕೆಯಲ್ಲಿ ಮಲ್ಲಣ್ಣ ಕೆಲಸ ಹುಡುಕಿಕೊಂಡು ನಡೆದೇ ತಿರುಗುತ್ತಿದ್ದರು. ಟ್ಯಾಕ್ಸಿ ಬೇಡ, ಬಸ್ಸು ಬೇಡ. ಹಾಕಿಕೊಳ್ಳುತ್ತಿದ್ದದ್ದು ಅದೇ ಹಳೆಯ ಸೇಫ್ಟಿ ಬೂಟು, ಯಾರಾದರೂ ಅಲ್ಲೇ ಕೆಲಸಕ್ಕೆ ನಿಲ್ಲು ಎಂದರೆ ತಯಾರಿರಬೇಕಲ್ಲ ಎಂದು. ಮಧ್ಯಾಹ್ನದ ಹೊತ್ತಿಗೆ ಬಂದು ಮನೆಯಲ್ಲಿ ಕೂರುತ್ತಿದ್ದರು. ಸಹನಾಳ ಆನ್‌ಲೈನ್ ಕ್ಲಾಸು, ಬಟ್ಟೆ, ಪಾತ್ರೆ ಎಲ್ಲ ಅವರೇ ನೋಡಿಕೊಂಡರು. ನಾನು ಊರ ಉಪಕಾರಕ್ಕೆ ಹೋಗಿದ್ದೆನಲ್ಲ.

ನಮ್ಮ ಗುಂಪು ಆಗ ಔಷಧಿಯನ್ನೂ ಮುಟ್ಟಿಸಲು ಶುರುಮಾಡಿತ್ತು. ನಮ್ಮ ಮನೆಯಿಂದ ಮೂರು ಕಟ್ಟಡದಾಚೆ ಕಾರವಾರದ ಮುದುಕ ಟೇಲರ್ ಒಬ್ಬರಿದ್ದರು. ಅವರಿಗೆ ಸಕ್ಕರೆ ಕಾಯಿಲೆಯ ಗುಳಿಗೆ, ಐಸ್ ಪೊಟ್ಟಣದಲ್ಲಿ ಸುತ್ತಿದ ಇಂಜೆಕ್ಷನ್ ನಾನೇ ಒಯ್ದು ಕೊಡುತ್ತಿದ್ದೆ. ಮಲ್ಲಣ್ಣ ತೆಗೆದುಕೊಳ್ಳುತ್ತಿದ್ದ ಅದೇ ಗುಳಿಗೆ, ಅದೇ ಬಣ್ಣದ ಡಬ್ಬಿ. ಮೊದಲ ಸಲ ಕೊಟ್ಟ ದಿನ ಮನೆಗೆ ಬಂದವಳೇ ಕೇಳಿದೆ, "ನಿಮ್ಮ ಗುಳಿಗಿ ಅದಾವ ಇಲ್ಲಾ?"

"ಅದಾವ."

"ಇಂಜೆಕ್ಷನ್?"

"ಎಲ್ಲಾ ಐತಿ. ನೀ ಕೈಕಾಲು ತೊಳಕೊ ಹೋಗು."

ಫ್ರಿಜ್ ತೆರೆದು ನೋಡಲು ಎಷ್ಟು ಹೊತ್ತು ಬೇಕಿತ್ತು? ನಾನು ನೋಡಲಿಲ್ಲ. ನೋಡಿ, ಇಲ್ಲವೆಂದು ಕಂಡರೆ ಕೇಳಬೇಕಾಗುತ್ತಿತ್ತು. ಕೇಳಲು ನನಗೆ ಮನಸ್ಸಿರಲಿಲ್ಲ. ಇದನ್ನು ಇಷ್ಟು ನೇರವಾಗಿ ನಾನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆ. ನಾನು ಹೊರಡಲು ತಯಾರಾಗಿ, ಚಪ್ಪಲಿ ಹುಡುಕುತ್ತ ಬಗ್ಗಿದೆ. ಮಲ್ಲಣ್ಣನ ಬೂಟಿನಿಂದ ಕೆಟ್ಟ ನಾತ ಬರುತ್ತಿತ್ತು. ಒಳಗೆ ಇಲಿ ಸತ್ತಿದೆಯೇನೋ ಎಂದುಕೊಂಡೆ. ಎತ್ತಿ ನೋಡಿದರೆ ಒಳಗಿನ ಅಟ್ಟೆಯ ಮೇಲೆ ಕಪ್ಪು ಕಲೆ, ಒದ್ದೆ. ಕೋಣೆಗೆ ಹೋದೆ. ಅವರು ಕಾಲುಚೀಲ ಹಾಕಿಕೊಂಡೇ ಮಲಗಿದ್ದರು. ಈ ಸೆಕೆಯಲ್ಲಿ ಯಾಕೆ ಕಾಲುಚೀಲ ಎಂದು ಎಷ್ಟೋ ದಿನದಿಂದ ಬೈದಿದ್ದೆ ಕೂಡ. "ತಗೀರಿ" ಎಂದೆ. "ಬಿಡ, ಸಣ್ಣ ಬೊಬ್ಬಿ" ಎಂದರು. ನಾನೇ ಎಳೆದೆ. ಬಲಗಾಲಿನ ಎರಡು ಬೆರಳು ಕಪ್ಪಗಾಗಿದ್ದವು. ಅಂಗಾಲು ಊದಿ ಕೆಂಪೇರಿ ಹೊಳೆಯುತ್ತಿತ್ತು. ಮೈ ಮುಟ್ಟಿದರೆ ಕೆಂಡ.

ಫ್ರಿಜ್ ತೆರೆದೆ. ಇಂಜೆಕ್ಷನ್ ಇರಲಿಲ್ಲ. ಗುಳಿಗೆಯ ಡಬ್ಬಿಯಲ್ಲಿ ಖಾಲಿ ಪಟ್ಟಿಗಳನ್ನು ನೀಟಾಗಿ ಜೋಡಿಸಿ ಇಟ್ಟಿದ್ದರು. ಜುಲೈನಿಂದ ದಿನ ಬಿಟ್ಟು ದಿನ ನುಂಗಿ, ಆಗಸ್ಟಿಗೆ ಅದೂ ಮುಗಿದಿತ್ತಂತೆ.

"ಯಾಕ ಹೇಳ್ಲಿಲ್ಲ ನೀವು? ಯಾಕ ಹೇಳ್ಲಿಲ್ಲ?" ಎಂದು ಅವರ ಭುಜ ಹಿಡಿದು ಅಲ್ಲಾಡಿಸಿದೆ.

"ನೂರು ಮಂದಿ ಮುಂದ ನೀನ ನಿಯಮ ಮಾಡಿದಿ. ಅದನ್ನ ಮೊದಲ ನಾನ ಮುರಿಯೂದ?" ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ವಾರ ಹಳೆಯ ಫೋನು ನಫೀಸಕ್ಕನ ಹತ್ತಿರ ಇತ್ತು. ಅವರ ಸ್ವಂತ ನಂಬರಿಗೆ ಮಾಡಬಹುದಿತ್ತು. ಯಾಕೋ ಕೈ ಆ ನಂಬರನ್ನೇ ಒತ್ತಿತು. ಅವರು ಎತ್ತಿ, "ನಮಸ್ಕಾರ, ಹೇಳಿ. ಹೆಸರು?" ಎಂದರು.

"ಗಿರಿಜಾ" ಎಂದೆ.

ಮುಂದಿನ ಪ್ರಶ್ನೆಗೆ ಕಾಯದೆ ಉಳಿದದ್ದನ್ನೂ ನಾನೇ ಹೇಳಿದೆ.

"ಬಿನ್ ಒಮ್ರಾನ್. ಮನಿಯಾಗ ಮೂರು ಮಂದಿ. ಕೆಲಸ ಹೋಗಿ ನಾಕು ತಿಂಗಳಾತು. ನಫೀಸಕ್ಕ, ಇವರ ಕಾಲು ನೋಡ ಬರ್ರೀ, ಕರ್ರಗಾಗೇತಿ, ನನಗ ಏನೂ ತಿಳೀವಲ್ದು..."

"ಯಲ್ಲಾ, ಈಗ್ಲೇ ಹೊರಟು ಬಂದೆ. ಅವರನ್ನು ನಡೆಸ್ಬೇಡ" ಎಂದರು. ಅಷ್ಟೇ. ಹಮೀದಣ್ಣ ಅಂಗಡಿಯಿಂದ ನೇರ ಬಂದು, ಮಲ್ಲಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಮಹಡಿ ಇಳಿಸಿದರು. ಲಿಫ್ಟು ಅವತ್ತೇ ಕೆಟ್ಟಿತ್ತು. ಸಹನಾಳನ್ನು ನಫೀಸಕ್ಕ ತಮ್ಮ ಮನೆಗೆ ಕರೆದೊಯ್ದರು. ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಯಾರೂ ಕಾರ್ಡು ಕೇಳಲಿಲ್ಲ. ಎಲ್ಲರೂ ಓಡಾಡಿದರು. ಕೇರಳದ ಡಾಕ್ಟರು ಹಿಂದಿಯಲ್ಲಿ ನನಗೆ ಮೆತ್ತಗೆ ಹೇಳಿದರು, ಎರಡು ವಾರ ಮೊದಲು ತಂದಿದ್ದರೆ ಬರೀ ಔಷಧಿಯಲ್ಲಿ ಹೋಗುತ್ತಿತ್ತು ಎಂದು. ಬಲಗಾಲಿನ ಮುಂಭಾಗವನ್ನು, ಐದೂ ಬೆರಳು ಸೇರಿ, ತೆಗೆದರು. ಜೀವ ಉಳಿಯಿತು.

ಆಮೇಲಿನದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಗುಂಪಿನವರು ನಮ್ಮನ್ನು ಆರು ತಿಂಗಳು ಸಾಕಿದರು. ಹೌದು, ಸಾಕಿದರು, ಬೇರೆ ಮಾತು ಬೇಡ. ದುಖಾನ್ ಕ್ಯಾಂಪಿನ ಹಣಮಂತ, ತಾನೇ ಚೀಲಕ್ಕೆ ಕೈಯೊಡ್ಡಿ ನಿಂತಿದ್ದವನು, ಸುದ್ದಿ ಕೇಳಿ ತನಗೆ ಬಂದ ಜೋಳದ ಹಿಟ್ಟಿನಲ್ಲಿ ಅರ್ಧ ಕಳಿಸಿಕೊಟ್ಟ. ಹಮೀದಣ್ಣ ಕಾಗದ ಪತ್ರಕ್ಕೆ ಓಡಾಡಿ, ಮಲ್ಲಣ್ಣನನ್ನು ತಮ್ಮ ಅಂಗಡಿಯ ಕೌಂಟರಿನಲ್ಲಿ ಕೂರಿಸಿಕೊಂಡರು. ಈಗಲೂ ಅಲ್ಲೇ ಇದ್ದಾರೆ. ಅಂಗಡಿ ಕೈ ಬದಲಾದರೂ ಅವರನ್ನು ಉಳಿಸಿಕೊಳ್ಳಬೇಕೆಂದು ಹಮೀದಣ್ಣ ಮಾತು ತೆಗೆದುಕೊಂಡಿದ್ದಾರೆ. ನಾನು ಗುಂಪು ಬಿಡುತ್ತೇನೆಂದು ಹೋದೆ, ಬಿಡಲಿಲ್ಲ. ನನ್ನ ಎರಡೂ ನಿಯಮಗಳನ್ನು ನಾನೇ ಅಳಿಸಿದೆ. ಈಗ ಯಾರ ಮನೆಯಲ್ಲಿ ಕಷ್ಟ ಅಂತ ಕೇಳಿದರೂ ನಾನೇ ಮೊದಲು ಫೋನ್ ಮಾಡುತ್ತೇನೆ. ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಗ್ಯಾರೇಜಿನಲ್ಲಿ ನಾನು ಕೂತೇ ಇದ್ದುದನ್ನು ನೋಡಿ ನಫೀಸಕ್ಕನೇ ಬಂದು ಕೈಹಿಡಿದು ಎಬ್ಬಿಸಿದರು. ಒಳಗೆ ಹಾಲ್‌ನಲ್ಲಿ ಸೋಫಾ, ಮೇಜು ಎಲ್ಲ ಹೋಗಿತ್ತು. ನಾಲ್ವರೂ ನೆಲದ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಹಮೀದಣ್ಣ ಮಲ್ಲಣ್ಣನ ಬೆನ್ನಿಗೆ ಒಂದು ಕಾರ್ಟನ್ ಒತ್ತು ಕೊಟ್ಟರು. ಊರಿನ ಮಾತು, ಮಳೆಯ ಮಾತು ಆಯಿತು. ನಡುವೆ ನಫೀಸಕ್ಕ ಲೋಟವನ್ನು ಕೆಳಗಿಟ್ಟು, "ಒಂದು ವಿಷಯ ಹೇಳದೆ ಹೋದ್ರೆ ನಂಗೆ ಊರಲ್ಲಿ ನಿದ್ದೆ ಬರ್ಲಿಕ್ಕಿಲ್ಲ ಗಿರಿಜಾ" ಎಂದರು.

ನಾನು ಅವರ ಮುಖ ನೋಡಿದೆ.

"ದುಖಾನಿನಲ್ಲೇ ನಂಗೆ ಗೊತ್ತಾಗಿತ್ತು, ನೀನು ಸುಳ್ಳು ಹೇಳಿದ್ದು ಅಂತ. ಆಗಸ್ಟಿನಲ್ಲಿ ಎರಡು ಸಲ ನಿಮ್ಮ ಬಿಲ್ಡಿಂಗಿನ ಕೆಳಗೆ ಬಂದಿದ್ದೆ. ಮಧ್ಯಾಹ್ನ ನಿನ್ನನ್ನು ಗ್ಯಾರೇಜಿನಲ್ಲಿ ಬಿಟ್ಟು, ಬ್ಯಾಂಕಿಗೆ ಹೋಗಿ ಬರ್ತೇನೆ ಅಂತ ಹೇಳಿ ಬಂದದ್ದು. ಡಿಕ್ಕಿಯಲ್ಲಿ ಸಾಮಾನು ಇತ್ತು, ಶುಗರಿನ ಮದ್ದೂ ಇತ್ತು. ಕಾರಿನಲ್ಲೇ ಕೂತು, ಕೂತು, ಹಿಂದೆ ಹೋದೆ. ಆ ಅಕೌಂಟೆಂಟ್ ಚೀಲವನ್ನು ಲಿಫ್ಟಿನಲ್ಲಿ ಕಳಿಸಿದ್ದು ಕಣ್ಣೆದುರು ಬರ್ತಿತ್ತು. ನೀನು ಕೇಳದೆ ನಾನು ತಂದ್ರೆ ನಿನ್ನ ಮುಖ ನಂಗೆ ಮತ್ತೆ ನೋಡ್ಲಿಕ್ಕೆ ಸಿಗ್ಲಿಕ್ಕಿಲ್ಲ ಅಂತ ಹೆದರಿದೆ. ನೀನೇ ಫೋನ್ ಮಾಡ್ತಿ ಅಂತ ಕಾದೆ." ಅವರ ಕಣ್ಣು ತುಂಬಿತ್ತು. "ಈಗ ಹೇಳು ಮಾರಾಯ್ತಿ, ದೇವರ ಮೇಲೆ ಆಣೆ ಇಟ್ಟು ಹೇಳು. ಅವತ್ತು ನಾನು ಮೇಲೆ ಬಂದಿದ್ರೆ, ನೀನು ಬಾಗಿಲು ತೆಗೀತಿದ್ದಿಯಾ?"

ಹೌದು ಎಂದರೆ ಅವರ ಹೃದಯ ಒಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೌದು ಎನ್ನುವುದು ಸುಳ್ಳಾಗುತ್ತಿತ್ತು. ಆ ಬೇಳೆಯ ಪೊಟ್ಟಣಕ್ಕೆ ಟೇಪು ಸುತ್ತಿದವಳು ನಾನು. "ಇಲ್ಲ ನಫೀಸಕ್ಕ. ನಾ ತಗೀತಿರಲಿಲ್ಲ" ಎಂದೆ. ನಫೀಸಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಅತ್ತೆವು. ಐದು ವರ್ಷದ ಭಾರ ಇಬ್ಬರಿಗೂ ಸ್ವಲ್ಪ ಇಳಿದ ಹಾಗೆ ಅನ್ನಿಸಿತು. ಕೊನೆಗೂ ಲೆಕ್ಕ ಸಮವಾಯಿತು, ತಪ್ಪು ಯಾರದೂ ಅಲ್ಲ, ಬಂದಿದ್ದರೂ ಆಗುವುದೇ ಆಗುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮಲ್ಲಣ್ಣ ಕಾರ್ಟನ್ನಿಗೆ ಒರಗಿಕೊಂಡು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಮ್ಮಿಬ್ಬರ ಅಳು ನಿಂತ ಮೇಲೆ ಲೋಟವನ್ನು ಕೆಳಗಿಟ್ಟರು.

"ಆಕಿ ಎಲ್ಲಿ ಇರತಿದ್ಲು ಮನಿಯಾಗ? ಇಲ್ಲೇ ಗ್ಯಾರೇಜಿನಾಗ ಇರತಿದ್ಲು" ಎಂದರು ನಫೀಸಕ್ಕನಿಗೆ. "ಮನಿಯಾಗ ನಾ ಇರತಿದ್ನಿ. ನಾ ತಗೀತಿದ್ನಿ ಬಾಗಲಾ."